ಎಡಗಡೆಯ ಕೊಳವೆಯಲ್ಲಿ ಚಂದ್ರ ಇರಲಿಲ್ಲ

“ಸಾರ್, ಎಡಗಡೆ ಕೊಳವೆ ಕೆಟ್ಟಿದೆ. ಏನೂ ಕಾಣ್ತಿಲ್ಲ,” ಅಂದೆ.

ಅರವತ್ತರ ದಶಕದ ಒಂದು ಸಂಜೆ. ಶಿಡ್ಲಘಟ್ಟದಲ್ಲಿ ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ನಮ್ಮ ಇನ್ಸ್‌ಪೆಕ್ಟರು, ಹೊಸ ಮೈಕ್ರೋಸ್ಕೋಪಿನ ಜೋಡಿ ಕೊಳವೆಗಳನ್ನು ಬಿಚ್ಚಿ ತಮ್ಮ ಟೆಲಿಸ್ಕೋಪಿಗೆ ಕೂರಿಸಿದ್ದರು. ಎರಡೂ ಕಣ್ಣಿಟ್ಟು ನೋಡಿದವರೆಲ್ಲ, ಚಂದ್ರ ತಂಬಿಟ್ಟಿನ ಉಂಡೆಯ ಹಾಗೆ ಕೈಗೆ ಸಿಗುವಂತಿದ್ದಾನೆ ಎಂದು ಕುಣಿದಾಡುತ್ತಿದ್ದರು. ನನಗೆ ಬಲಗಡೆಯದರಲ್ಲಿ ಕಂಡದ್ದು ಬರೀ ಚಪ್ಪಟೆ ತಟ್ಟೆ.

ಇನ್ಸ್‌ಪೆಕ್ಟರು ಬಗ್ಗಿ ನೋಡಿ, “ಎಡಗಡೆ ಕೊಳವೆಗೆ ನಿನ್ನ ಬಲಗಣ್ಣು ಇಡು,” ಅಂದರು. ಇಟ್ಟೆ, ಚಂದ್ರ ಅಲ್ಲೇ ಇದ್ದ! ಬಲಗಡೆಯದಕ್ಕೆ ಎಡಗಣ್ಣು ಇಟ್ಟೆ. ಬರೀ ಮಬ್ಬು.

“ಕೊಳವೆ ಸರಿಯಾಗೇ ಇದೆ ಕಣಪ್ಪ,” ಎಂದರು ಮೆಲ್ಲಗೆ.

ಅಲ್ಲಿಯವರೆಗೆ ನಾನು ಕೆಲಸ ಮಾಡಿದ್ದು ಒಂಟಿ ಕೊಳವೆಯ ಮೈಕ್ರೋಸ್ಕೋಪಿನಲ್ಲಿ. ರೇಷ್ಮೆ ಚಿಟ್ಟೆಯನ್ನು ಅರೆದು, ಎಡಗಣ್ಣು ಮುಚ್ಚಿಕೊಂಡು, ಬಲಗಣ್ಣಲ್ಲಿ ರೋಗ ಹುಡುಕುತ್ತಿದ್ದೆ. ಚಿಟ್ಟೆಗಳ ರೋಗವೆಲ್ಲ ಗೊತ್ತಾಗುತ್ತಿತ್ತು, ನನ್ನ ಕಣ್ಣು ಹೋದದ್ದು ಮಾತ್ರ ಗೊತ್ತಾಗಲಿಲ್ಲ.

ಅಂದು ನೋಡಿದವರು ಸಿಕ್ಕರೆ ಈಗಲೂ ಬಿಡುವುದಿಲ್ಲ. “ಆ ಚಂದ್ರ ಹೇಗಿದ್ದ, ಹೇಳ್ರಪ್ಪ,” ಎನ್ನುತ್ತೇನೆ. ಮಾತಲ್ಲಿ ಹೇಳಲಾಗದೆ ಎಲ್ಲರೂ ಎರಡು ಅಂಗೈಗಳನ್ನು ಗುಂಡಗೆ ಮಾಡಿ ತೋರಿಸುತ್ತಾರೆ. ನಾನು ಆ ಕೈಗಳನ್ನೇ ನೋಡುತ್ತೇನೆ.