ಸಾಂಬ್ರಾಣಿಯ ಪಾಲಾದ ಹುಳ

ಮುಳಬಾಗಿಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಜೀವಶಾಸ್ತ್ರದ ಮೇಷ್ಟ್ರೊಬ್ಬರಿದ್ದರು. ಅವರ ಬಳಿ ಪುಟ್ಟ ಡಬ್ಬಿಯೊಂದರಲ್ಲಿ ಹುಣಸೆಬೀಜದಷ್ಟು ಅಂಬರ್ ಇತ್ತು. ಕೋಟ್ಯಂತರ ವರ್ಷಗಳ ಹಿಂದಿನ ಮರದ ಅಂಟು ಗಟ್ಟಿಯಾದದ್ದು. ಅದರೊಳಗೆ ರೆಕ್ಕೆಯಿಲ್ಲದ, ಚಿಮ್ಮಿ ನೆಗೆಯುವ ಜಾತಿಯ ಪುಟ್ಟ ಮಣ್ಣಿನ ಹುಳವೊಂದು ಸಿಕ್ಕಿಕೊಂಡಿತ್ತು. ಮನೆಗೆ ಬಂದವರಿಗೆಲ್ಲ ಭೂತಗನ್ನಡಿ ಕೊಟ್ಟು, “ನಿಧಾನಕ್ಕೆ ನೋಡಿ, ಎಲ್ಲೂ ಓಡೋಗಲ್ಲ” ಎನ್ನುತ್ತಿದ್ದರು.

ಒಂದು ಶುಕ್ರವಾರ ಅವರ ತಾಯಿ ಅದನ್ನು ಸಾಂಬ್ರಾಣಿ ಎಂದುಕೊಂಡು ಧೂಪದ ಕೆಂಡಕ್ಕೆ ಹಾಕಿಬಿಟ್ಟರು. “ವಾಸ್ನೆ ಬೇರೆ ಥರಾ ಐತಲ್ಲಪ್ಪಾ, ಅಂಗ್ಡಿಯವ್ನು ಕಲಬೆರಕೆ ಕೊಟ್ಟವ್ನೆ” ಎಂದು ಗೊಣಗಿದರು. ಮೇಷ್ಟ್ರು ಖಾಲಿ ಡಬ್ಬಿ ಹಿಡಿದು, ಹೊಗೆ ಆರುವವರೆಗೂ ಅಲ್ಲೇ ನಿಂತಿದ್ದರು.

ಮಾರನೆಯ ಬೆಳಿಗ್ಗೆ ಅವರು ಹಿಪ್ಪುನೇರಳೆ ತೋಟದ ತಿಪ್ಪೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಿದ್ದರು. ಅಂಗೈಯ ಒದ್ದೆ ಮಣ್ಣಿನ ಮೇಲೆ ಅಂಥದ್ದೇ ಹುಳವೊಂದು ಹರಿದಾಡುತ್ತಿತ್ತು. ನನ್ನನ್ನು ಕರೆದು ಭೂತಗನ್ನಡಿ ಕೊಟ್ಟರು.

“ಬೇಗ ನೋಡಿ, ನೆಗ್ದುಬಿಡುತ್ತೆ!”