ಅರ್ಧ ಖಾಲಿ ಇರಬೇಕಾದ ಡಬ್ಬ

ಕಳೆದ ವಾರ ಠಾಣೆ ನಗರದ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ ಕಾರಿನ ಬಾನೆಟ್ ಎತ್ತಿ ನಿಂತಿದ್ದೆ. ಏನೂ ಕೆಟ್ಟಿರಲಿಲ್ಲ. ಗಾಜು ತೊಳೆಯುವ ನೀರು ತುಂಬಿಸಬೇಕಿತ್ತು, ಅಷ್ಟೆ. ಪಕ್ಕದಲ್ಲಿ ಇನ್ನೊಂದು ಪ್ಲಾಸ್ಟಿಕ್ ಡಬ್ಬ, ಅದರ ಮೈಮೇಲೆ ಎರಡು ಗೆರೆ. ಎರಡರ ನಡುವೆ ಎಂಜಿನ್ ತಣಿಸುವ ಗುಲಾಬಿ ಬಣ್ಣದ ಕೂಲಂಟ್ ಯಾವ ಚಿಂತೆಯೂ ಇಲ್ಲದೆ ನಿಂತಿತ್ತು. ಕಾರಿನ ಜೊತೆಗೇ ಹುಟ್ಟಿ ಬಂದ ಡಬ್ಬ ಅದು. ನಾನು ಬಲ್ಲ ಇನ್ನೊಂದು ಡಬ್ಬಕ್ಕೆ ಆ ಭಾಗ್ಯವಿರಲಿಲ್ಲ. ಅದನ್ನು ನಾವು ಒಂದು ಮುದಿ ಜೀಪಿಗೆ ದತ್ತು ಕೊಟ್ಟಿದ್ದೆವು.

ಆ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿದ್ದೇನೆ. ಹೇಳಿ ಹೇಳಿ ಅದು ಎಷ್ಟು ನುಣುಪಾಗಿದೆಯೆಂದರೆ ಈಗ ನನಗೇ ಅನುಮಾನ. ನಿಜವಾಗಿ ನಡೆದದ್ದು ಕೈಯಾಡಿಸಿದರೆ ಎಲ್ಲೋ ಒಂದು ಕಡೆ ಚುಚ್ಚಬೇಕಲ್ಲವೇ? ನೀವು ಜೊತೆಗಿದ್ದೀರಿ, ಇನ್ನೊಮ್ಮೆ ಹೇಳಿ ನೋಡುತ್ತೇನೆ.

ಆಗ ನನಗೆ ಬೇಲಾಪುರದಲ್ಲಿ ಕೆಲಸ, ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶಕ್ಕೆ ಅಂಟಿಕೊಂಡ ಬಡಾವಣೆಯಲ್ಲಿ ಮಾವನ ಮನೆಯಲ್ಲಿ ವಾಸ. ಮಾವ ಎಂದರೆ ಅಮ್ಮನ ಅಣ್ಣ. ಉಡುಪಿಯ ಕಡೆಯಿಂದ ಬಂದು ಸ್ಟೇಷನ್ ಹತ್ತಿರ ಹೋಟೆಲ್ ಇಟ್ಟವರು. ಈ ಊರುಗಳಲ್ಲಿ ಚಹಾ ಕುಡಿಯುವವರು ಕೇಳುವುದು ‘ಕಟಿಂಗ್’, ಅಂದರೆ ಅರ್ಧ ಲೋಟ. ಮಾವನ ಹೋಟೆಲಿನಲ್ಲಿ ಮಾತ್ರ ಅದು ಸಿಗುತ್ತಿರಲಿಲ್ಲ. ಲೋಟ ತುಂಬಿ ಬಟ್ಟಲಿಗೆ ತುಳುಕಬೇಕು, ಇಡ್ಲಿ ಸಾಂಬಾರಿನಲ್ಲಿ ಕಾಣದಂತೆ ಮುಳುಗಬೇಕು. "ಅರ್ಧ ಲೋಟ ಕೊಡ್ಲಿಕ್ಕೆ ಇದೆಂತ ಔಷಧಿಯಾ?" ಎಂದು ಗಿರಾಕಿಯನ್ನೇ ಗದರಿಸುತ್ತಿದ್ದರು. ಗಿರಾಕಿ ಮರಾಠಿಯಲ್ಲಿ ಗೊಣಗುತ್ತ ಪೂರ್ತಿ ಲೋಟ ಕುಡಿದು ಹೋಗುತ್ತಿದ್ದ.

ಹೋಟೆಲು ಬಿಟ್ಟರೆ ಮಾವನಿಗಿದ್ದದ್ದು ಒಂದೇ ಮೋಹ: ಕ್ಯಾನ್ವಾಸ್ ಹೊದಿಕೆಯ, ನಾಲ್ಕೂ ಚಕ್ರಕ್ಕೆ ಬಲ ಹೋಗುವ ಹಳೆಯ ಡೀಸೆಲ್ ಜೀಪು. ರಜೆಯ ದಿನ ಮುರಬಾಡಿನ ಕಡೆ ಹೋಗಿ, ಹೊಳೆಯೊಳಗೆ ಇಳಿಸಿ, ಆಚೆ ದಡದಿಂದ ಕೈಬೀಸುವುದು ಅವರ ವ್ಯಾಯಾಮ. ಹೊಳೆಯನ್ನು ದಾಟುವ ಜೀಪಿಗೆ ಊರಿನ ಸೇತುವೆ ದಾಟಲು ಆಗುತ್ತಿರಲಿಲ್ಲ. ಟ್ರಾಫಿಕ್ಕಿನಲ್ಲಿ ನಿಂತರೆ ಕುದಿಯುತ್ತಿತ್ತು. ಒಮ್ಮೆ ಟಿಟವಾಳಾದ ಗಣಪತಿಗೆಂದು ರೇಷ್ಮೆ ಸೀರೆ ಉಟ್ಟು ಹೊರಟ ಅತ್ತೆ, ದಾರಿಯಲ್ಲಿ ಜೀಪು ಕುದಿದು ನಿಂತು, ರಿಕ್ಷಾದಲ್ಲಿ ವಾಪಸು ಬಂದರು. ಅಂದಿನಿಂದ ಪಕ್ಕದ ಊರು ಕಲ್ಯಾಣದ ಒಬ್ಬ ಡೆಕೊರೇಟರ್ ಜೀಪು ಕೊಳ್ಳಲೆಂದು ಮನೆಗೆ ಬರತೊಡಗಿದ. ಜೀಪಿಗೆ ಬಂಗಾರದ ಬಣ್ಣ ಬಳಿದು ಮದುವೆ ಮೆರವಣಿಗೆಯಲ್ಲಿ ವರನನ್ನು ಕೂರಿಸುವುದು ಅವನ ಯೋಜನೆ.

"ಅಣ್ಣಾ, ಮೆರವಣಿಗೆ ಆಮೆಯ ಹಾಗೆ ಹೋಗೋದು. ಕುದಿದ್ರೂ ಪರವಾಗಿಲ್ಲ, ಹೊಗೆ ಬಂದ್ರೆ ಜನ ಪಟಾಕಿ ಅಂದ್ಕೋತಾರೆ," ಎಂದ, ತನ್ನ ಮರಾಠಿಯಲ್ಲಿ.

ಮಾವ ಎದ್ದು ಒಳಗೆ ಹೋದರು. ಅವತ್ತು ಅತ್ತೆ ಅಡುಗೆಮನೆಯಿಂದಲೇ ತೀರ್ಪು ಕೊಟ್ಟರು: "ಮಾಳಶೇಜ್ ಘಾಟಿ ಹತ್ತಿ ಇಳಿಯಲಿ, ನಾನೂ ಬರ್ತೇನೆ. ಕುದಿಯದಿದ್ರೆ ಇಲ್ಲಿರ್ಲಿ. ಕುದಿದ್ರೆ ಕಲ್ಯಾಣಕ್ಕೆ."

ಜೀಪಿನ ಕಾಯಿಲೆ ದೊಡ್ಡದೇನಲ್ಲ. ಎಂಜಿನ್ ಬಿಸಿಯಾದರೆ ರೇಡಿಯೇಟರಿನ ನೀರು ಹಿಗ್ಗುತ್ತದೆ. ಹೆಚ್ಚಾದದ್ದು ಕುತ್ತಿಗೆಯ ಬಳಿಯ ಸಣ್ಣ ಕೊಳವೆಯಿಂದ ರಸ್ತೆಗೆ ಬೀಳುತ್ತದೆ. ತಣಿದಾಗ ಆ ನೀರು ಮರಳಿ ಸಿಗುವುದಿಲ್ಲ, ಅದರ ಜಾಗಕ್ಕೆ ಗಾಳಿ ಹೋಗುತ್ತದೆ. ಹೀಗೆ ಪ್ರತಿ ಸಲವೂ ಒಂದಿಷ್ಟು ಕಡಿಮೆ. ಹೊಸ ಗಾಡಿಗಳಲ್ಲಿ ಆ ಕೊಳವೆ ಒಂದು ಡಬ್ಬದೊಳಗೆ ಇಳಿದಿರುತ್ತದೆ. ಬಿಸಿಯಾದಾಗ ಹೊರಬಂದದ್ದು ಅಲ್ಲಿ ಕಾದಿದ್ದು, ತಣಿದಾಗ ಮರಳಿ ಒಳಗೆ ಹೋಗುತ್ತದೆ. ಇದನ್ನು ನಾನು ಕಚೇರಿಯ ಇಂಟರ್‌ನೆಟ್ಟಿನಲ್ಲಿ ಓದಿಕೊಂಡು ಬಂದು, ಊಟದ ಹೊತ್ತಿನಲ್ಲಿ ಪಂಡಿತಳಂತೆ ವಿವರಿಸಿದೆ.

ಮಾವ ಕಲ್ಯಾಣದ ಗುಜರಿ ಅಂಗಡಿಯಿಂದ ಯಾವುದೋ ಸತ್ತ ಕಾರಿನ ಡಬ್ಬ ತಂದರು. ನೀರು ಮರಳಿ ಹೋಗಲು ಬಿಡುವಂಥ ಹೊಸ ಮುಚ್ಚಳವನ್ನೂ ತಂದು ರೇಡಿಯೇಟರಿಗೆ ಹಾಕಿದೆವು. ಮಡ್‌ಗಾರ್ಡಿನ ಒಳಮೈಗೆ ತೂತು ಕೊರೆದು ಪಟ್ಟಿ ಬಿಗಿದೆವು. ನನ್ನ ಕಥೆಯಲ್ಲಿ ತೂತು ಕೊರೆದವಳು ನಾನು. ಆದರೆ ಈಗ ಬರೆಯುವಾಗ ಕೈಯಲ್ಲಿ ಡ್ರಿಲ್ಲಿನ ನಡುಕ ನೆನಪಾಗುತ್ತಿಲ್ಲ. ಕಣ್ಣಿಗೆ ಬಿದ್ದ ತುಕ್ಕಿನ ಪುಡಿ ನೆನಪಾಗುತ್ತದೆ. ಅದು ಬೀಳುವುದು ಕೆಳಗೆ ಮಲಗಿ ಪಟ್ಟಿ ಹಿಡಿದವರ ಕಣ್ಣಿಗೆ. ಡ್ರಿಲ್ಲನ್ನು ಮಾವನಿಗೇ ಬಿಟ್ಟುಕೊಡೋಣ.

"ಪೈಪು ಡಬ್ಬದ ಅಡಿ ಮುಟ್ಟಬೇಕು, ಮಾವ. ತಣಿದಾಗ ಅದು ತನ್ನಷ್ಟಕ್ಕೇ ನೀರು ಎಳೀತದೆ."

"ತನ್ನಷ್ಟಕ್ಕೇ ಎಳೀಲಿಕ್ಕೆ ಅದೆಂತ ಮಗುವಾ, ಎಳನೀರು ಕುಡೀಲಿಕ್ಕೆ?"

"ಹಾಗೇ ಅಂತ ಇಟ್ಕೊಳ್ಳಿ."

"ನೀನು ಆಫೀಸಲ್ಲಿ ಇದನ್ನೇ ಓದುದಾ ಮಾರಾಯ್ತಿ? ಸಂಬಳ ಯಾರು ಕೊಡುದು?"

ಎಲ್ಲ ಸರಿಯಾಯಿತು. ನಾನು ಕೈತೊಳೆಯಲು ಹೋದೆ. ಅಷ್ಟರಲ್ಲಿ ಮಾವ ಹಸಿರು ಕೂಲಂಟಿನ ಕ್ಯಾನು ಎತ್ತಿ ಡಬ್ಬವನ್ನು ಕಂಠದವರೆಗೆ ತುಂಬಿಸಿಬಿಟ್ಟಿದ್ದರು. ಜೀವಮಾನವಿಡೀ ಯಾವ ಪಾತ್ರೆಯನ್ನೂ ಅರ್ಧಕ್ಕೆ ಬಿಡದ ಕೈ ಅದು.

ಮರುದಿನ ಒಂದು ಸುತ್ತು ಹೋಗಿ ಬಂದು ಗೇಟಿನ ಮುಂದೆ ನಿಲ್ಲಿಸಿದರೆ ಜೀಪಿನ ಕೆಳಗೆ ಹಸಿರು ಕೆರೆ. ನಮ್ಮ ಬಡಾವಣೆಯಲ್ಲಿ ರಸ್ತೆಯ ಮೇಲೆ ಬಣ್ಣದ ನೀರು ಕಂಡರೆ ಜನ ಮೊದಲು ತಿರುಗುವುದು ಕಾರ್ಖಾನೆಗಳ ಕಡೆಗೆ. ಎದುರುಮನೆಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕೂ, ಮೂಗಿಗೆ ಸೆರಗು ಹಿಡಿದು, ಯಾವ ಕಂಪನಿಯದು ಒಡೆಯಿತು ಎಂದು ಕೂಗಿ ಕೇಳಿದರು.

"ನಮ್ಮದೇ ಕಂಪನಿ," ಎಂದರು ಅತ್ತೆ.

ಮಾವ ಪೆಚ್ಚಾಗಿ ನಿಂತಿದ್ದರು. ಹಿಗ್ಗಿ ಬರುವುದಕ್ಕೆ ಜಾಗ ಬೇಕು, ಅದಕ್ಕೇ ಡಬ್ಬ ಅರ್ಧ ಖಾಲಿ ಇರಬೇಕು ಎಂದು ನಾನು ಮತ್ತೆ ವಿವರಿಸಲು ಹೊರಟೆ. ಅರ್ಧಕ್ಕೇ ತಡೆದ ಅತ್ತೆ ಮಾವನಿಗೆ ಹೇಳಿದರು: "ನಿಮ್ಮ ಹೋಟೆಲಿನಲ್ಲಿ ಇಷ್ಟು ವರ್ಷ ಗದರಿಸಿದ ಗಿರಾಕಿ ಈಗ ಮನೆಗೇ ಬಂದಿದ್ದಾನೆ. ಕಟಿಂಗ್ ಕೇಳ್ತಾನೆ. ಕೊಡಿ."

ಮಾವ ಪಿಚಕಾರಿಯಂಥದ್ದೇನೋ ಹುಡುಕಿ ತಂದು ಅರ್ಧ ಎಳೆದು ತೆಗೆದರು. ತಮ್ಮ ಊಟದಿಂದಲೇ ಯಾರೋ ಅನ್ನ ವಾಪಸು ತೆಗೆದ ಹಾಗಿತ್ತು ಅವರ ಮುಖ.

ಅತ್ತೆ ಮಾತ್ರ ಡಬ್ಬವನ್ನು ನಂಬಲಿಲ್ಲ. ಸಂಜೆ ಜೀಪು ಬಿಸಿಯಾಗಿ ಬಂದು ನಿಂತೊಡನೆ, ಹಣೆಯ ಟಿಕ್ಲಿ ತೆಗೆದು ಡಬ್ಬದ ಮೇಲೆ ನೀರಿದ್ದ ಮಟ್ಟಕ್ಕೆ ಅಂಟಿಸಿದರು. ಬೆಳಿಗ್ಗೆ ನೋಡಿದರೆ ನೀರು ಟಿಕ್ಲಿಗಿಂತ ಕೆಳಗೆ. "ಸೋರಿದೆ!" ಎಂದು ಸಂಭ್ರಮದಿಂದ ಕೂಗಿದರು. ನೆಲ ಒಣಗಿತ್ತು. ಜೀಪನ್ನು ಒಂದು ಸುತ್ತು ಓಡಿಸಿ ತಂದು ಮತ್ತೆ ತೋರಿಸಿದೆವು. ನೀರು ಏರಿ ಬಂದು ಟಿಕ್ಲಿಯ ಪಕ್ಕ ನಿಂತಿತ್ತು. ಅತ್ತೆ ಬಗ್ಗಿ ಬಹಳ ಹೊತ್ತು ನೋಡಿ, "ಹೋದದ್ದು ಅಷ್ಟೇ ಬಂತಲ್ಲ," ಎಂದರು. ಆಮೇಲೆ ಕೆಲವು ದಿನ ಸ್ನಾನಕ್ಕೆ ಮೊದಲು ಒಮ್ಮೆ ಹೊರಗೆ ಹೋಗಿ ನೋಡಿ ಬರುತ್ತಿದ್ದರು.

ಮಾಳಶೇಜಿಗೆ ಹೊರಟದ್ದು ಮಳೆ ಹಿಡಿದ ಮೇಲೆ. ಮೊದಲೆಲ್ಲ ಜೀಪಿನ ಮುಂದಿನ ಸೀಟು ನೀರಿನ ಕ್ಯಾನುಗಳದ್ದು. ಹೋಟೆಲಿನ ಎಣ್ಣೆ ಕ್ಯಾನುಗಳಲ್ಲಿ ನೀರು ತುಂಬಿ ಮಾವ ಅಲ್ಲಿ ಒಟ್ಟುತ್ತಿದ್ದರು. ಈ ಸಲ ಡಬ್ಬದ ಮೇಲಿನ ಗೌರವಕ್ಕೆ ಕ್ಯಾನು ಬೇಡವೆಂದಾಯಿತು. ಅತ್ತೆ ಮುಂದೆ ಕೂತರು, ನಾನು ಹಿಂದೆ. ಮುರಬಾಡಿನಲ್ಲಿ ಚಹಾ ಕುಡಿದು ಜೀಪು ತಣಿಯಲು ಬಿಟ್ಟೆವು. ಮಾವ ಒಮ್ಮೆ ಬಾನೆಟ್ ಎತ್ತಿ ನೋಡಿ ಬಂದರು. ಘಾಟಿಯಲ್ಲಿ ಮೋಡ ರಸ್ತೆಗೇ ಇಳಿದಿತ್ತು. ಕೊನೆಯ ತಿರುವುಗಳಲ್ಲಿ ಎದುರಿಗೆ ಬರೀ ಬಿಳಿ.

"ಎಂಥ ಮೋಡ ನೋಡು," ಎಂದರು ಮಾವ.

ಅತ್ತೆ ಮಾವನ ಮುಖ ನೋಡಿ, "ಹೌದು, ಭಾರಿ ಮೋಡ," ಎಂದರು.

ಮೇಲೆ ಹೋಗಿ ಸುಟ್ಟ ಜೋಳ ತಿಂದು ಇಳಿದು ಬಂದೆವು. ಡೆಕೊರೇಟರನಿಗೆ ಇಲ್ಲ ಎಂದು ಹೇಳಿದ್ದು ಅತ್ತೆಯೇ. ಜೀಪು ಆಮೇಲೂ ಎಷ್ಟೋ ಮಳೆಗಾಲ ಓಡಿತು. ನನ್ನ ಕಥೆ ಇಲ್ಲಿಗೆ ಮುಗಿಯುತ್ತದೆ: ಡಬ್ಬ ಗೆದ್ದಿತು, ವಿಜ್ಞಾನ ಗೆದ್ದಿತು, ತುಸು ನಾನೂ ಗೆದ್ದೆ.

ಬಾನೆಟ್ ಮುಚ್ಚಿದವಳು ಅಂದು ಪಾರ್ಕಿಂಗಿನಿಂದಲೇ ಡೊಂಬಿವಲಿಗೆ ಫೋನು ಮಾಡಿದೆ. ಅತ್ತೆ ಎತ್ತಿದರು. ಮಾಳಶೇಜಿನ ದಿನ ನೆನಪಿದೆಯಾ ಎಂದು ಕೇಳಿದೆ.

"ನೆನಪಿಲ್ಲದೆ? ಮುರಬಾಡಿನಲ್ಲಿ ನಿನ್ನ ಮಾವ ಚಹಾದಂಗಡಿಯ ನೀರು ಹೊಯ್ದು ಡಬ್ಬ ಪುನಃ ಕಂಠದವರೆಗೆ ತುಂಬಿಸಿದ್ದರು. ನೀನು ಚಹಾ ಕುಡೀತಿದ್ದಿ. ಮೇಲೆ ಹೋಗುವಾಗ ಉಕ್ಕಿತು, ಬಿಸಿ ಎಂಜಿನಿನ ಮೇಲೆ ಬಿದ್ದು ಹೊಗೆ."

"ಅದು ಮೋಡ ಅಲ್ವಾ ಅತ್ತೆ?"

"ಮೋಡವೂ ಇತ್ತು. ಮೋಡಕ್ಕೆ ಬೆಲ್ಲ ಕಾಯಿಸಿದ ವಾಸನೆ ಎಲ್ಲಿಂದ?"

ಬಿಸಿ ಕೂಲಂಟಿನ ವಾಸನೆ ಹಾಗೆಯೇ ಇರುತ್ತದೆ. ನಾನು ಹಿಂದಿನ ಸೀಟಿನಲ್ಲಿ ಅದೇ ಗಾಳಿಯನ್ನು ಉಸಿರಾಡಿದ್ದೆ. ಗೆದ್ದ ಕಥೆಗೆ ಆ ವಾಸನೆ ಬೇಕಾಗಿರಲಿಲ್ಲವೆಂದು ತೋರುತ್ತದೆ.

"ಮತ್ತೆ ನೀವು ಯಾಕೆ ಮೋಡ ಅಂದ್ರಿ?"

"ಅವರು ಎಂಥ ಮೋಡ ಅಂತ ಹೇಳಿದ್ದಲ್ಲ, ಬೇಡಿದ್ದು. ಹಾಗೆ ಬೇಡಿದ್ದು ನಾನು ಕೇಳಿರ್ಲಿಲ್ಲ ಅದಕ್ಕೆ ಮುಂಚೆ. ಮತ್ತೆ ನನಗೂ ಎದುರಿನ ಸೀಟು ಒಳ್ಳೆದಾಗಿತ್ತು. ಅಬ್ಬಿ ನೀರು ಬೀಳುದೆಲ್ಲ ಅಷ್ಟು ಹತ್ರ. ಅದನ್ನು ಬಿಟ್ಟು ಯಾರಿಗೋ ಮದುಮಗನಿಗೆ ಕೊಡುದಾ?"

ಹಿಂದಿನಿಂದ ಮಾವನ ಸ್ವರ ಕೇಳಿಸಿತು: "ಯಾರದು? ಎಂತ ಅಂತೆ?"

"ಏನಿಲ್ಲ, ಮಾಳಶೇಜಿನಲ್ಲಿ ಅವತ್ತು ಮೋಡ ಎಷ್ಟಿತ್ತು ಅಂತ ಕೇಳ್ತಾಳೆ."

"ಭಾರಿ ಮೋಡ!" ಮಾವ ಫೋನಿನ ಹತ್ತಿರವೇ ಬಂದಿರಬೇಕು. "ಬಾನೆಟ್ ಸಹ ಕಾಣ್ತಿರ್ಲಿಲ್ಲ. ನಿನಗೆ ನೆನಪುಂಟಲ್ಲ ಮಾರಾಯ್ತಿ?"

"ಉಂಟು ಮಾವ," ಎಂದೆ. "ಅಂಥ ಮೋಡ ನಾನು ಮತ್ತೆ ನೋಡಲೇ ಇಲ್ಲ."