ಸುಮಿಯಾತಿ ಕಟ್ಟಿಸಿದ ಮನೆ

ಸಿಂಗಾಪುರದ ಬೆಡೋಕ್‌ನ ಆ ಫ್ಲ್ಯಾಟಿನಲ್ಲಿ ಅನಸೂಯಮ್ಮನವರ ಮೈಸೂರು ಕನ್ನಡಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದವಳು ಮೊಮ್ಮಗಳಲ್ಲ, ಮನೆಗೆಲಸದ ಸುಮಿಯಾತಿ. ಇಂಡೋನೇಷ್ಯಾದ ದ್ವೀಪವೊಂದರ, ಜ್ವಾಲಾಮುಖಿಯ ಬುಡದ ಕಡಲೂರಿನವಳು. ಬಲಭಾಗಕ್ಕೆ ಲಕ್ವ ಹೊಡೆದಿದ್ದ ಅನಸೂಯಮ್ಮನವರನ್ನು ಎತ್ತಿ ಕೂರಿಸಿ, ಉಣಿಸುತ್ತಲೇ ಭಾಷೆ ಕಲಿತಿದ್ದಳು. 'ಅಜ್ಜಿ, ಸಾರು ಖಾರ ಆಯ್ತಾ?' ಎಂದು ಅವಳು ಕೇಳಿದರೆ ಬಂದ ನೆಂಟರು ಬೆರಗಾಗುತ್ತಿದ್ದರು.

ಊರಿನಲ್ಲಿ ಅವಳ ತಾಯಿಯದು ಬಿದಿರಿನ ಮನೆ. ಮಳೆಗಾಲದಲ್ಲಿ ಗೋಡೆಯೆಲ್ಲ ತೊಯ್ಯುತ್ತಿತ್ತು. ಸುಮಿಯಾತಿ ದುಡಿದದ್ದನ್ನೆಲ್ಲ ಕಳಿಸಿ ಇಟ್ಟಿಗೆ ಮನೆ ಕಟ್ಟಿಸಿದಳು. ತಾಯಿಗೆ ಅದು ಹಿಡಿಸಲಿಲ್ಲ. ಸೆಖೆ ಎಂದು ಹಿತ್ತಿಲ ಬಿದಿರಿನ ಅಡುಗೆಮನೆಯಲ್ಲೇ ಮಲಗುತ್ತಿದ್ದಳು. ಮಗಳು ಫೋನಿನಲ್ಲಿ ಗದರಿದಳು, ಅತ್ತಳು, ಕೊನೆಗೂ ಒಳಗೆ ಮಲಗಲು ಒಪ್ಪಿಸಿದಳು.

2016ರ ಒಂದು ನಸುಕಿನಲ್ಲಿ ಅಲ್ಲಿ ನೆಲ ನಡುಗಿತು. ದೊಡ್ಡ ಭೂಕಂಪವೇನಲ್ಲ, ಆದರೆ ಊರಿನ ಕಾಲಡಿಯಲ್ಲೇ ಆಗಿತ್ತು. ಸಿಂಗಾಪುರದಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತಿಂಡಿಯ ಹೊತ್ತಿಗೆ ಅನಸೂಯಮ್ಮನವರ ಸೊಸೆ ನಿಶ್ಚಿತಾ ಮೊಬೈಲ್ ನೋಡುತ್ತ, 'ವರಿ ಮಾಡ್ಬೇಡ ಸುಮಿ, ಮಾಡರೇಟ್ ಅಂತೆ. ಸುನಾಮಿ ವಾರ್ನಿಂಗೂ ಇಲ್ಲ' ಎಂದಳು. ಅಷ್ಟರಲ್ಲಿ ಸುಮಿಯಾತಿಯ ಅಣ್ಣನ ಫೋನ್ ಬಂತು. ಅವಳು ಕೇಳಿಸಿಕೊಂಡಳು, ಗ್ಯಾಸ್ ಆರಿಸಿದಳು, ಒಲೆಯ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

ನಿಶ್ಚಿತಾ ಕೂಡಲೇ ಟಿಕೆಟ್ ಬುಕ್ ಮಾಡಿದಳು. ಆದರೂ ಸುಮಿಯಾತಿ ತಲುಪುವಷ್ಟರಲ್ಲಿ ತಾಯಿಯನ್ನು ಮಣ್ಣು ಮಾಡಿ ಆಗಿತ್ತು. ಕಂಬಿಯಿಲ್ಲದೆ ಎಬ್ಬಿಸಿದ್ದ ಇಟ್ಟಿಗೆ ಗೋಡೆ ಮಲಗಿದ್ದವಳ ಮೇಲೆ ಬಿದ್ದಿತ್ತು. ಹಿತ್ತಿಲ ಅಡುಗೆಮನೆ ಮಾತ್ರ ಹಾಗೇ ನಿಂತಿತ್ತು. ಒಲೆಯ ಮೇಲಿನ ಮಡಕೆ ಕೂಡ ಉರುಳಿರಲಿಲ್ಲ.

ಹಿಂದಿರುಗಿ ಬಂದವಳು ಮಾತು ಕಡಿಮೆ ಮಾಡಿದಳು. ಒಂದು ಮಧ್ಯಾಹ್ನ ಅನಸೂಯಮ್ಮನವರ ಕಾಲು ತಿಕ್ಕುತ್ತ ತಾನಾಗಿಯೇ ಹೇಳಿದಳು: 'ಅಮ್ಮ ಬೇಡ ಅಂದ್ರು ಅಜ್ಜಿ. ನಾನೇ ಒಳಗೆ ಮಲಗ್ಸಿದ್ದು.'

'ಭೂಮಿ ಅಲ್ಲಾಡ್ಸಿದ್ದು ನೀನೇನೇ?'

'ಅಲ್ಲ. ಗೋಡೆ ಕಟ್ಸಿದ್ದು ನಾನು.'

ಅನಸೂಯಮ್ಮನವರು ತಮ್ಮ ಆಡುತ್ತಿದ್ದ ಎಡಗೈಯನ್ನು ಅವಳ ತಲೆಯ ಮೇಲಿಟ್ಟರು. ಸುಮಿಯಾತಿ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಕಂಬಿ ಹಾಕಿಸಿ ಮತ್ತೆ ಕಟ್ಟೋಣ ಎಂದ ಅಣ್ಣನಿಗೆ ಅವಳು ಹ್ಞೂಂ ಅನ್ನಲೂ ಇಲ್ಲ, ಉಹುಂ ಅನ್ನಲೂ ಇಲ್ಲ. ಕ್ರಮೇಣ ಅವನೂ ಫೋನ್ ಮಾಡುವುದನ್ನು ಬಿಟ್ಟ.

ಅನಸೂಯಮ್ಮ 2019ರಲ್ಲಿ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ನಿಶ್ಚಿತಾ ಕೇಳಿದಳು, 'ಇನ್ನು ಮನೆಗೆ ಹೋಗ್ತೀಯಾ ಸುಮಿ?'

'ಯಾರ ಮನೆಗೆ ಮ್ಯಾಡಮ್?'

ಮರುವಾರ ಅವಳು ಪಕ್ಕದ ಬ್ಲಾಕಿನಲ್ಲಿ, ಹಾಸಿಗೆ ಹಿಡಿದ ಚೀನೀ ಮುದುಕರೊಬ್ಬರ ಆರೈಕೆಗೆ ಸೇರಿಕೊಂಡಳು.